ಸೋಡಿಯಂ ಎಲೆಕ್ಟ್ರಾನ್ ಕೊಡೋಕೆ ತುದಿಗಾಲಲ್ಲಿ ನಿಂತಿರುತ್ತೆ ಅಂತಾರೆ, ಹಾಗಾದ್ರೆ 496 ಕಿಲೋಜೌಲ್ ಯಾಕೆ ಬೇಕು?

ಅರೆಬರೆ ಓದುಗ:
ಮಗಳು ಒಂಬತ್ತನೇ ಕ್ಲಾಸು, ಪರಮಾಣು ರಚನೆ ಪಾಠ ನಡೀತಿದೆ. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್‌ವರೆಗೂ ನಾನೂ ಹೆಂಗೋ ಹೇಳಿಕೊಟ್ಟೆ. ಸೋಡಿಯಂನಲ್ಲಿ 11 ಪ್ರೋಟಾನ್, 11 ಎಲೆಕ್ಟ್ರಾನ್. ಕವಚಗಳಲ್ಲಿ 2, 8, 1. ಆ ಕೊನೇ ಒಂದನ್ನ ಕಳಕೊಂಡ್ರೆ 2, 8 ಉಳಿದು ನಿಯಾನ್ ಥರ ಆಗುತ್ತೆ, ಸ್ಥಿರ ಆಗುತ್ತೆ, ಅದಕ್ಕೇ ಕಳಕೊಳ್ಳುತ್ತೆ ಅಂತ ಪಾಠದಲ್ಲಿದೆ. ಸರಿ.

ಆಮೇಲೆ ಅವಳು ಗೋಡೆಗೆ ಹಾಕೋ ಆವರ್ತ ಕೋಷ್ಟಕ ನೋಡ್ತಾ, ಸೋಡಿಯಂನ ಅಯಾನೀಕರಣ ಶಕ್ತಿ 496 ಕಿಲೋಜೌಲ್ ಪ್ರತಿ ಮೋಲ್ (ಮೋಲ್ ಅಂದ್ರೆ ಪರಮಾಣುಗಳ ಒಂದು ನಿಗದಿತ, ದೊಡ್ಡ ಎಣಿಕೆ) ಅಂತ ಓದಿದ್ಲು. ಅಂದ್ರೆ ಆ ಎಲೆಕ್ಟ್ರಾನ್ ಕೀಳೋಕೆ ಅಷ್ಟು ಶಕ್ತಿ ಹೊರಗಿಂದ ಕೊಡಬೇಕು. "ಅಪ್ಪಾ, ಕಳಕೊಂಡ್ರೆ ಅದಕ್ಕೇ ಒಳ್ಳೇದು ಅನ್ನೋದಾದ್ರೆ ನಾವ್ಯಾಕೆ ಶಕ್ತಿ ಖರ್ಚು ಮಾಡಬೇಕು?" ಅಂತ ಕೇಳಿದ್ಲು. ಏನು ಹೇಳಲಿ?

ಇನ್ನೊಂದು ನನ್ನದೇ ಡೌಟು. ಕಳಕೊಂಡಿದ್ದಕ್ಕೆ ಪ್ಲಸ್, ಪಡಕೊಂಡಿದ್ದಕ್ಕೆ ಮೈನಸ್. ಈ ಲೆಕ್ಕ ಯಾರು ಮಾಡಿದ್ದು ಮಾರಾಯ್ರೇ?

ಲ್ಯಾಬ್ ಕೋಟು:
ಎರಡನೇದು ಸುಲಭ, ಅದು ಮೊದಲು. 11 ಪ್ಲಸ್, 11 ಮೈನಸ್ ಇದ್ದಾಗ ಮೊತ್ತ ಸೊನ್ನೆ. ಒಂದು ಮೈನಸ್ ಎದ್ದು ಹೋಯ್ತು. ಉಳಿದಿದ್ದು 11 ಪ್ಲಸ್, 10 ಮೈನಸ್. ಒಟ್ಟು ಪ್ಲಸ್ 1. ಕ್ಲೋರಿನ್‌ನಲ್ಲಿ 17 ಪ್ರೋಟಾನ್ ಹಾಗೇ ಇರುತ್ತೆ, ಎಲೆಕ್ಟ್ರಾನ್ 18 ಆಗುತ್ತೆ, ಒಟ್ಟು ಮೈನಸ್ 1. ಪ್ಲಸ್ ಮೈನಸ್ ಅನ್ನೋದು ಚಾರ್ಜಿನ ಲೆಕ್ಕ, ಎಷ್ಟು ಕಣ ಇದೆ ಅನ್ನೋ ಲೆಕ್ಕ ಅಲ್ಲ.

ತಂತಿ ಕೊಕ್ಕೆ:
ಬೈಯಬೇಕಾದ್ದು ಬೆಂಜಮಿನ್ ಫ್ರಾಂಕ್ಲಿನ್‌ಗೆ. 18ನೇ ಶತಮಾನದ ನಡುವಿನಲ್ಲಿ ಆತ ಪ್ಲಸ್ ಮೈನಸ್ ಹೆಸರಿಟ್ಟಾಗ ಎಲೆಕ್ಟ್ರಾನ್ ಅನ್ನೋದೊಂದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡರಲ್ಲಿ ಒಂದಕ್ಕೆ ಪ್ಲಸ್ ಅಂದ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗ ನೋಡಿದ್ರೆ, ಲೋಹದ ತಂತೀಲಿ ಓಡಾಡೋ ಕಣವೇ ಮೈನಸ್ ಪಾಲಿಗೆ ಬಿದ್ದಿತ್ತು. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿ ಹೋಗಿದ್ವು. ಕರೆಂಟು ಹರಿಯೋ ದಿಕ್ಕು ಒಂದು, ಎಲೆಕ್ಟ್ರಾನ್ ಹರಿಯೋ ದಿಕ್ಕು ಇನ್ನೊಂದು ಅನ್ನೋ ಗೋಳು ಶುರುವಾಗಿದ್ದು ಅಲ್ಲಿಂದ.

ಎರಡನೇ ಬೆಂಚು:
ಒಬ್ಬನ ಊಹೆ, ಮುನ್ನೂರು ವರ್ಷದ ಇಂಪೊಸಿಷನ್ 😀

ನಿವೃತ್ತ ಮೇಷ್ಟ್ರು:
ಅರೆಬರೆಯವರೇ, ಮಗಳ ಪ್ರಶ್ನೆ ಚೆನ್ನಾಗಿದೆ. ಆದರೆ ಮೊದಲು ಅಡಿಪಾಯ ಗಟ್ಟಿ ಮಾಡಿಕೊಳ್ಳಿ. ಧಾತು ಯಾವುದು ಅಂತ ತೀರ್ಮಾನಿಸುವುದು ಪ್ರೋಟಾನ್ ಮಾತ್ರ. 11 ಇದ್ದರೆ ಸೋಡಿಯಂ, 12 ಇದ್ದರೆ ಮೆಗ್ನೀಷಿಯಂ. ಇದನ್ನು 1913ರಲ್ಲಿ ಮೋಸ್ಲಿ ಎಕ್ಸ್ ಕಿರಣಗಳಿಂದ ತೋರಿಸಿಕೊಟ್ಟ. ನ್ಯೂಟ್ರಾನ್ ಹೆಚ್ಚುಕಡಿಮೆಯಾದರೆ ಅದೇ ಧಾತುವಿನ ಇನ್ನೊಂದು ಐಸೋಟೋಪ್. ತೂಕ ಬದಲಾಗುತ್ತದೆ, ಚಾರ್ಜ್ ಬದಲಾಗುವುದಿಲ್ಲ. ಎಲೆಕ್ಟ್ರಾನ್ ಹೆಚ್ಚುಕಡಿಮೆಯಾದರೆ ಮಾತ್ರ ಅಯಾನು. ಪರೀಕ್ಷೆಯಲ್ಲಿ ಅರ್ಧ ಮಕ್ಕಳು ಐಸೋಟೋಪನ್ನೂ ಅಯಾನನ್ನೂ ಕಲಸಿಬಿಡುತ್ತಾರೆ.

ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಆದರೂ ಇಬ್ಬರ ಚಾರ್ಜಿನ ಅಳತೆ ಒಂದೇ, ಚಿಹ್ನೆ ಮಾತ್ರ ವಿರುದ್ಧ. ಹೀಗಾಗಿ ಅಯಾನು ಆದಾಗ ಪರಮಾಣುವಿನ ತೂಕದಲ್ಲಿ ಏನೂ ಹೋದ ಹಾಗೆ ಕಾಣುವುದಿಲ್ಲ, ನಡವಳಿಕೆ ಮಾತ್ರ ಪೂರ್ತಿ ಬೇರೆ.

ಇನ್ನು 496ರ ಮಾತು. ಹೊರಕವಚ ತುಂಬಿದ್ದರೆ ಸ್ಥಿರತೆ ಹೆಚ್ಚು, ಆ ಸ್ಥಿರತೆಗಾಗಿ ಸೋಡಿಯಂ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆರಂಭಕ್ಕೆ ಸ್ವಲ್ಪ ಶಕ್ತಿ ಬೇಕು ಅಷ್ಟೆ.

ತರ್ಕಭೂತ:
ಮೇಷ್ಟ್ರೇ, ಮೊದಲ ಎರಡು ಪ್ಯಾರಾಕ್ಕೆ ನಮಸ್ಕಾರ. ಮೂರನೇದಕ್ಕೆ ಜಗಳ.

"ಆರಂಭಕ್ಕೆ ಸ್ವಲ್ಪ ಶಕ್ತಿ" ಅಲ್ಲ ಅದು. ಒಂಟಿ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಕಿತ್ತು ದೂರ ಇಟ್ರೆ, ಆ ಜೋಡಿಯ ಶಕ್ತಿ ಮೊದಲಿಗಿಂತ 496 ಹೆಚ್ಚಾಗೇ ಉಳಿಯುತ್ತೆ. ಗುಡ್ಡ ಹತ್ತಿ ಆಚೆ ಇಳಿಯೋದಿಲ್ಲ, ಹತ್ತಿದ್ದು ಹತ್ತಿದ್ದೇ. ಕೈಬಿಟ್ರೆ ಎಲೆಕ್ಟ್ರಾನ್ ವಾಪಸ್ ಓಡಿಬಂದು ಸೇರ್ಕೊಳ್ಳುತ್ತೆ. ಒಂಟಿಯಾಗಿದ್ದಾಗ ಸೋಡಿಯಂಗೆ ಹನ್ನೊಂದು ಎಲೆಕ್ಟ್ರಾನೇ ಹಿತ. ನಿಯಾನ್ ಆಗೋ ಆಸೆ ಗೀಸೆ ಏನೂ ಇಲ್ಲ ಅದಕ್ಕೆ.

ಆವರ್ತ ಕೋಷ್ಟಕ ಪೂರ್ತಿ ಹುಡುಕಿ. ಸುಮ್ಮನೆ ಎಲೆಕ್ಟ್ರಾನ್ ಉದುರಿಸಿ ಶಕ್ತಿ ಲಾಭ ಮಾಡ್ಕೊಳ್ಳೋ ಪರಮಾಣು ಒಂದೂ ಇಲ್ಲ. ಅತಿ ಸಡಿಲ ಅನ್ನೋ ಸೀಸಿಯಂಗೂ 376 ಕೊಡಬೇಕು. ಹೀಲಿಯಂಗೆ 2372.

ಅರೆಬರೆ ಓದುಗ:
ಹಾಗಾದ್ರೆ ಕ್ಲೋರಿನ್ ಕಿತ್ತುಕೊಳ್ಳುತ್ತೆ ಅನ್ನಿ. ಅದಕ್ಕಾದ್ರೂ ಹೊರಕವಚದಲ್ಲಿ ಎಂಟು ತುಂಬಿಸೋ ಆಸೆ ಇದೆಯಲ್ಲ?

ತರ್ಕಭೂತ:
ಅದಕ್ಕೂ ಲೆಕ್ಕ ಇದೆ. ಕ್ಲೋರಿನ್ ಪರಮಾಣು ಒಂದು ಎಲೆಕ್ಟ್ರಾನ್ ತಗೊಂಡ್ರೆ 349 ಕಿಲೋಜೌಲ್ ಹೊರಗೆ ಬರುತ್ತೆ. ಸೋಡಿಯಂ ಕೇಳೋದು 496. ಇನ್ನೂ 147 ಸಾಲ. ಅಂದ್ರೆ ಅನಿಲ ಸ್ಥಿತೀಲಿ ದೂರದೂರ ನಿಂತ ಒಂದು ಸೋಡಿಯಂ, ಒಂದು ಕ್ಲೋರಿನ್ ಮಧ್ಯೆ ಈ ಕೊಡುಕೊಳೆ ನಡೆಯೋದೇ ಇಲ್ಲ. ಪುಸ್ತಕದಲ್ಲಿ ಎರಡು ವೃತ್ತ ಬರೆದು, ಮಧ್ಯೆ ಬಾಣ ಎಳೆದು, ಎಲೆಕ್ಟ್ರಾನ್ ಹಾರಿಸ್ತಾರಲ್ಲ, ಆ ಚಿತ್ರ ಅಷ್ಟಕ್ಕೇ ನಿಂತ್ರೆ ನಷ್ಟದ ವ್ಯವಹಾರ.

ಸಾಲ ತೀರಿಸೋದು ಆಮೇಲಿನ ಹೆಜ್ಜೆ. ಪ್ಲಸ್ ಮೈನಸ್ ಹತ್ರ ಬಂದಾಗ ಒಂದನ್ನೊಂದು ಸೆಳೀತವೆ. ಇಬ್ಬರೇ ಅಲ್ಲ, ಕೋಟಿ ಕೋಟಿ ಅಯಾನುಗಳು ಸಾಲಾಗಿ ಹರಳು ಕಟ್ಟಿಕೊಳ್ತವೆ. ಆ ಕಟ್ಟೋಣದಲ್ಲಿ ಒಂದು ಮೋಲ್‌ಗೆ ಸುಮಾರು 787 ಕಿಲೋಜೌಲ್ ಬಿಡುಗಡೆ. ಎಲ್ಲ ಸಾಲ ಕಳೆದು ಕೈತುಂಬಾ ಮಿಗುತ್ತೆ. ಸೋಡಿಯಂ ಕ್ಲೋರೈಡ್, ಅಂದ್ರೆ ಅಡುಗೆ ಉಪ್ಪು, ಹುಟ್ಟೋದು ಈ ಸೆಳೆತದಿಂದ. ಎಂಟರ ಮೋಹದಿಂದ ಅಲ್ಲ.

ಲ್ಯಾಬ್ ಕೋಟು:
ಪೂರ್ತಿ ಪಟ್ಟಿ ಬೇಕಾದವರಿಗೆ: ಘನ ಸೋಡಿಯಂನಿಂದ ಒಂದೊಂದೇ ಪರಮಾಣು ಬಿಡಿಸೋಕೆ ಸುಮಾರು 107. ಕ್ಲೋರಿನ್ ಅಣು ಒಡೆದು ಒಂದು ಪರಮಾಣು ಮಾಡೋಕೆ ಸುಮಾರು 121. ಆಮೇಲೆ 496. ಒಟ್ಟು ಖರ್ಚು 724. ಆದಾಯ 349 ಮತ್ತು 787, ಅಂದ್ರೆ 1136. ಮಿಕ್ಕಿದ್ದು 412. ಪ್ರಯೋಗದಲ್ಲಿ ಅಳೆದ್ರೂ ಹೆಚ್ಚೂಕಡಿಮೆ ಅಷ್ಟೇ, 411 ಬರುತ್ತೆ. ಬಾರ್ನ್-ಹೇಬರ್ ಚಕ್ರ ಅಂತ ಪಿಯುಸಿಯಲ್ಲಿ ಬರುತ್ತಲ್ಲ, ಇದೇ. ಆಗ ಉರು ಹೊಡೆದವರಲ್ಲಿ ಎಷ್ಟು ಜನಕ್ಕೆ ಅಷ್ಟಕ ನಿಯಮದ (ಹೊರಕವಚದಲ್ಲಿ ಎಂಟು ಮಾಡಿಕೊಳ್ಳೋಕೇ ಪರಮಾಣು ಹೊರಡುತ್ತೆ ಅನ್ನೋ) ಕಥೆ ಇಲ್ಲಿ ಕುಸಿಯುತ್ತೆ ಅಂತ ಹೊಳೆದಿತ್ತು?

ನಿವೃತ್ತ ಮೇಷ್ಟ್ರು:
ಕುಸಿಯುವುದಿಲ್ಲ ಸ್ವಾಮಿ. ಹದಿನಾಲ್ಕು ವರ್ಷದ ಮಗುವಿಗೆ ಹರಳಿನ ಜಾಲಶಕ್ತಿ, ಅಂದರೆ ಆ 787ರ ಲೆಕ್ಕ, ಹೇಳಿ ಕೂರಿಸುತ್ತೀರಾ? ಅಷ್ಟಕ ನಿಯಮ ಒಂದು ಊರುಗೋಲು. ಸೋಡಿಯಂ ಪ್ಲಸ್ 1, ಮೆಗ್ನೀಷಿಯಂ ಪ್ಲಸ್ 2, ಆಮ್ಲಜನಕ ಮೈನಸ್ 2 ಎಂದು ಅದು ಸರಿಯಾಗಿಯೇ ಹೇಳಿಕೊಡುತ್ತದಲ್ಲ. ಸುಳ್ಳಾಗಿದ್ದರೆ ಉತ್ತರ ಸರಿ ಬರುತ್ತಿತ್ತೇ?

ತರ್ಕಭೂತ:
ಉತ್ತರ ಸರಿ, ಕಾರಣ ತಪ್ಪು. ನೀವೇ ಹೇಳಿದ ಆಮ್ಲಜನಕ ತಗೊಳ್ಳಿ. ಮೊದಲ ಎಲೆಕ್ಟ್ರಾನ್ ಸೇರಿದಾಗ 141 ಕಿಲೋಜೌಲ್ ಬಿಡುತ್ತೆ. ಎರಡನೇದು ಸೇರಿಸೋಕೆ ಹೋದ್ರೆ 700ಕ್ಕೂ ಹೆಚ್ಚು ಕೊಡಬೇಕು, ಯಾಕಂದ್ರೆ ಆಗಲೇ ಮೈನಸ್ ಆಗಿರೋದು ಇನ್ನೊಂದು ಮೈನಸ್ಸನ್ನ ತಳ್ಳುತ್ತೆ. ಎಂಟು ತುಂಬೋದೇ ಪರಮಸುಖ ಆಗಿದ್ರೆ ಎರಡನೇದನ್ನ ಬಾಚಿ ತಬ್ಕೋಬೇಕಿತ್ತು. ಒಂಟಿಯಾದ ಮೈನಸ್ 2 ಆಕ್ಸೈಡ್ ಅಯಾನು ನಿರ್ವಾತದಲ್ಲಿ ನಿಲ್ಲೋದೇ ಇಲ್ಲ, ಒಂದನ್ನ ಉಗುಳಿಬಿಡುತ್ತೆ. ಹರಳಿನೊಳಗೆ ಸುತ್ತ ಪ್ಲಸ್ ಅಯಾನು ಕಾವಲಿದ್ರೆ ಮಾತ್ರ ಅದರ ಬಾಳು.

ಕಬ್ಬಿಣ ಕೇಳಿ ಬೇಕಾದ್ರೆ. ಪ್ಲಸ್ 2, ಪ್ಲಸ್ 3 ಎರಡೂ ಆಗುತ್ತೆ. ಎರಡರಲ್ಲೂ ಹೊರಗೆ ಎಂಟಿಲ್ಲ. ಹೊರಗಿನ 4ಎಸ್ ಅನ್ನೋ ಉಪಕವಚದ ಎರಡು ಮೊದಲು ಹೋಗ್ತವೆ, ಆಮೇಲೆ ಒಳಗಿನ 3ಡಿ ಉಪಕವಚದಿಂದ ಒಂದು. ಅಷ್ಟಕ ನಿಯಮ ಅಲ್ಲಿ ಬಾಯೇ ಬಿಡಲ್ಲ.

ನಿವೃತ್ತ ಮೇಷ್ಟ್ರು:
ಒಂದು ಮಾತಿಗೆ ಉತ್ತರ ಕೊಡಿ. ನಿಮ್ಮ ಸೆಳೆತದ ಲೆಕ್ಕದ ಪ್ರಕಾರ ಚಾರ್ಜ್ ಹೆಚ್ಚಾದಷ್ಟೂ ಸೆಳೆತ ಹೆಚ್ಚು, ಹರಳು ಗಟ್ಟಿ. ಹಾಗಿದ್ದರೆ ಸೋಡಿಯಂ ಪ್ಲಸ್ 1ಕ್ಕೇ ಯಾಕೆ ನಿಲ್ಲಬೇಕು? ಪ್ಲಸ್ 2 ಆಗಿ ಇನ್ನೂ ಲಾಭ ಮಾಡಿಕೊಳ್ಳಬಾರದೇಕೆ?

ನಾನೇ ಹೇಳುತ್ತೇನೆ. ಮೊದಲ ಎಲೆಕ್ಟ್ರಾನಿಗೆ 496. ಎರಡನೆಯದಕ್ಕೆ 4562. ಒಂಬತ್ತು ಪಟ್ಟು. ಮೆಗ್ನೀಷಿಯಂನಲ್ಲಿ 738, ಆಮೇಲೆ 1451, ಮೂರನೆಯದಕ್ಕೆ ಒಮ್ಮೆಲೇ 7733. ಆ ಜಿಗಿತ ಎಲ್ಲಿ ಬರುತ್ತದೆ ನೋಡಿ. ಒಳಗಿನ ತುಂಬಿದ ಕವಚಕ್ಕೆ ಕೈ ಹಾಕಿದ ಜಾಗದಲ್ಲೇ. ಯಾವ ಹರಳೂ ಆ 4562ನ್ನು ತುಂಬಿಕೊಡಲಾರದು. ಎಂಟರ ಕಥೆ ಹೇಳುವುದು ಇದನ್ನೇ.

ತರ್ಕಭೂತ:
ಇದನ್ನ ಹೀಗೆ ಹೇಳಿದ್ರೆ ನನ್ನ ಜಗಳ ಇಲ್ಲ. ಅಷ್ಟಕ ನಿಯಮ ಎಲ್ಲಿ ನಿಲ್ಲುತ್ತೆ ಅಂತ ಹೇಳುತ್ತೆ, ಯಾಕೆ ಹೊರಡುತ್ತೆ ಅಂತ ಹೇಳಲ್ಲ. ಪುಸ್ತಕ ಎರಡನ್ನೂ ಅದರ ತಲೆಗೇ ಕಟ್ಟುತ್ತೆ. ಮಗು ಕೇಳಿದ್ದು ಹೊರಡೋದರ ಬಗ್ಗೆ.

ಎರಡನೇ ಬೆಂಚು:
ಬರೆದಿಟ್ಕೊಳ್ಳಿ, ತರ್ಕಭೂತ ಅರ್ಧ ಒಪ್ಪಿಕೊಂಡ ಐತಿಹಾಸಿಕ ದಿನ.

ಮೋಡದ ಅಂಚು:
ಆ ಜಿಗಿತ ಯಾಕೆ ಅನ್ನೋದನ್ನೂ ಹೇಳಿಬಿಡಿ, ಇಲ್ಲಾಂದ್ರೆ "ತುಂಬಿದ ಕವಚ" ಅನ್ನೋದು ಮಂತ್ರ ಆಗಿಬಿಡುತ್ತೆ. ಸೋಡಿಯಂನ ಕೊನೇ ಎಲೆಕ್ಟ್ರಾನಿಗೂ ಬೀಜಕೇಂದ್ರಕ್ಕೂ ಮಧ್ಯೆ ಹತ್ತು ಎಲೆಕ್ಟ್ರಾನ್ ಅಡ್ಡ ಇವೆ. 11 ಪ್ರೋಟಾನಿನ ಸೆಳೆತ ಪೂರ್ತಿ ಅದನ್ನ ಮುಟ್ಟಲ್ಲ, ಎರಡು ಎರಡೂವರೆ ಪ್ರೋಟಾನಿನಷ್ಟು ಮಾತ್ರ ಅನುಭವಕ್ಕೆ ಬರುತ್ತೆ. ದೂರಾನೂ ಹೆಚ್ಚು. ಅದನ್ನ ತೆಗೆದ ಮೇಲೆ ಮುಂದಿನದು ಎರಡನೇ ಕವಚದ್ದು. ಅದು ಹತ್ತಿರ ಇದೆ, ಅಡ್ಡ ಇರೋರು ಕಡಿಮೆ, ಸುಮಾರು ಏಳು ಪ್ರೋಟಾನಿನಷ್ಟು ಸೆಳೆತ ಅದರ ಮೇಲೆ. ಆದ್ದರಿಂದ 4562. ಎಂಟು ಅನ್ನೋ ಸಂಖ್ಯೇಲಿ ಏನೂ ದೈವತ್ವ ಇಲ್ಲ.

ಬೆರಳೆಣಿಕೆ:
ನಡುವೆ ಬಾಯಿ ಹಾಕ್ತೀನಿ. ಸೋಡಿಯಂ ಅಯಾನು, ನಿಯಾನ್ ಎರಡರಲ್ಲೂ ಹತ್ತು ಎಲೆಕ್ಟ್ರಾನ್. ಹಾಗಾದ್ರೆ ಸೋಡಿಯಂ ನಿಯಾನ್ ಆಗೇಬಿಡ್ತಾ?

ಲ್ಯಾಬ್ ಕೋಟು:
ಇಲ್ಲ. ಬೀಜಕೇಂದ್ರ ಒಂದರಲ್ಲಿ 11, ಇನ್ನೊಂದರಲ್ಲಿ 10. ಎಲೆಕ್ಟ್ರಾನ್ ಜೋಡಣೆ ಒಂದೇ ಥರ, ಹಿಡಿತ ಬೇರೆ. ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್, ಅಯಾನು ಆದಮೇಲೆ 102. ಹೊರಕವಚವೇ ಹೋಯ್ತಲ್ಲ, ಜತೆಗೆ ಉಳಿದ ಹತ್ತನ್ನ 11 ಪ್ರೋಟಾನ್ ಬಿಗಿಯಾಗಿ ಎಳ್ಕೊಳ್ತವೆ. ಕ್ಲೋರಿನ್ ಉಲ್ಟಾ. 99 ಇದ್ದದ್ದು 181ಕ್ಕೆ ಉಬ್ಬುತ್ತೆ. ಅಂದ್ರೆ ಸೋಡಿಯಂ ಕ್ಲೋರೈಡ್ ಹರಳಲ್ಲಿ ದೊಡ್ಡವರು ಕ್ಲೋರೈಡ್‌ಗಳು, ಸಂದಿಗೊಂದಿ ತುಂಬೋರು ಸೋಡಿಯಂಗಳು. ಪಾಠದ ಚಿತ್ರದಲ್ಲಿ ಎರಡನ್ನೂ ಒಂದೇ ಸೈಜಿಗೆ ಬರೆದಿರ್ತಾರೆ, ಕೆಲವು ಕಡೆ ಸೋಡಿಯಂ ದೊಡ್ಡದು. ಕೋಪ ಬರುತ್ತೆ.

ಶಾಲಾ ಚಾರ್ಟು:
ಚಿತ್ರದ ಮಾತು ಬಂತಲ್ಲ. ನಡುವೆ ಸೂರ್ಯ, ಸುತ್ತ ಗ್ರಹ ಇದ್ದ ಹಾಗೆ ಪರಮಾಣು ಅಂತ ಹೇಳಿಕೊಡೋದೇ ಸುಲಭ. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ.

ಮೋಡದ ಅಂಚು:
ತಕ್ಷಣ ತಪ್ಪಾಗಿ ಅರ್ಥ ಆಗುತ್ತೆ. ಸುತ್ತು ಹೊಡೆಯೋ ಚಾರ್ಜು ಬೆಳಕು ಸೂಸ್ತಾ ಶಕ್ತಿ ಕಳಕೊಂಡು ಕಣ್ಣು ಮಿಟುಕಿಸೋದರೊಳಗೆ ಬೀಜಕೇಂದ್ರಕ್ಕೆ ಬೀಳಬೇಕು. ರದರ್‌ಫರ್ಡ್ 1911ರಲ್ಲಿ ಬೀಜಕೇಂದ್ರದ ಮಾದರಿ ಕೊಟ್ಟಾಗಲೇ ಈ ತಲೆನೋವು ಇತ್ತು. 1913ರಲ್ಲಿ ಬೋರ್, ಇಂತಿಷ್ಟೇ ಶಕ್ತಿಯ ಕಕ್ಷೆಗಳು ಮಾತ್ರ ಅಂತ ನಿಯಮ ಹಾಕಿ ಹೈಡ್ರೋಜನ್‌ನ ಲೆಕ್ಕ ಸರಿಮಾಡಿದ. ಎರಡು ಎಲೆಕ್ಟ್ರಾನ್ ಇರೋ ಹೀಲಿಯಂಗೆ ಬಂದಾಗಲೇ ಅದು ಎಡವಿತು. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದಮೇಲೆ ಕಕ್ಷೆ ಅನ್ನೋ ಗೆರೇನೇ ಮಾಯ. ಎಲೆಕ್ಟ್ರಾನ್ ಎಲ್ಲಿ ಸಿಗೋ ಸಂಭವ ಎಷ್ಟು ಅನ್ನೋದು ಮಾತ್ರ ಉಳೀತು.

ಶಾಲಾ ಚಾರ್ಟು:
ಸಂಭವ ಗಿಂಭವ ಅಂದ್ರೆ ಒಂಬತ್ತನೇ ಕ್ಲಾಸಲ್ಲಿ ನಿದ್ದೆ ಹೋಗ್ತಾರೆ ಅಕ್ಕ. 2, 8, 1 ಬರೆಯೋಕೆ ವೃತ್ತ ಬೇಕೇ ಬೇಕು.

ಮೋಡದ ಅಂಚು:
ವೃತ್ತ ಬರೀರಿ, ಬೇಡ ಅನ್ನಲ್ಲ. ಶಕ್ತಿಯ ಮೆಟ್ಟಿಲು ಅಂತ ಹೇಳಿ ಬರೀರಿ, ಓಡೋ ದಾರಿ ಅಂತ ಹೇಳಬೇಡಿ. ಅಷ್ಟೇ ನನ್ನ ಬೇಡಿಕೆ.

ಬೆರಳೆಣಿಕೆ:
ಪರಮಾಣುವಿನಲ್ಲಿ 99 ಶೇಕಡಾ ಖಾಲಿ ಜಾಗ ಅಂತಾರಲ್ಲ, ಅದೂ ಸುಳ್ಳಾ?

ಮೋಡದ ಅಂಚು:
ಬೀಜಕೇಂದ್ರದ ಅಡ್ಡಳತೆ 10ರ ಮೈನಸ್ 15ನೇ ಘಾತ ಮೀಟರ್‌ನ ಆಸುಪಾಸು, ಪರಮಾಣುವಿನದು 10ರ ಮೈನಸ್ 10ನೇ ಘಾತ. ಹತ್ತು ಸಾವಿರದಿಂದ ಲಕ್ಷ ಪಟ್ಟು ವ್ಯತ್ಯಾಸ. ತೂಕವೆಲ್ಲ ನಡುವೆ ಗುಡ್ಡೆ ಬಿದ್ದಿದೆ ಅನ್ನೋದು ನಿಜ. 1909ರಲ್ಲಿ ಗೈಗರ್, ಮಾರ್ಸ್ಡೆನ್ ಚಿನ್ನದ ತೆಳು ಹಾಳೆಗೆ ಪ್ಲಸ್ ಚಾರ್ಜಿನ ಆಲ್ಫಾ ಕಣ ಹೊಡೆದಾಗ ಹೆಚ್ಚಿನವು ದಾಟಿ ಹೋದ್ವು, ಕೆಲವೇ ಕೆಲವು ಹಿಂದಕ್ಕೆ ಪುಟಿದ್ವು. ಆದರೆ ಮಿಕ್ಕ ಜಾಗ ಖಾಲಿ ಅಂತ ನಾನು ಹೇಳಲ್ಲ. ಅಲ್ಲೆಲ್ಲ ಎಲೆಕ್ಟ್ರಾನ್ ಹರಡಿಕೊಂಡಿದೆ.

ಗಾಜಿನ ಬಾಟಲಿ:
ಒಂದು ಪೆದ್ದು ಪ್ರಶ್ನೆ. ಬರೀ ಸೋಡಿಯಂ ಅಯಾನುಗಳನ್ನ ಬಾಟಲಿಯಲ್ಲಿ ತುಂಬಿಡಬಹುದಾ? ಕ್ಲೋರೈಡ್ ಏನೂ ಬೇಡ, ಶುದ್ಧ ಪ್ಲಸ್ ಅಯಾನು ಮಾತ್ರ.

ತಂತಿ ಕೊಕ್ಕೆ:
ಪೆದ್ದು ಅಲ್ಲ, ಈ ಚರ್ಚೆಯಲ್ಲೇ ಅತ್ಯುತ್ತಮ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ಗ್ರಾಂ ಸೋಡಿಯಂ ಅಂದ್ರೆ 23ರಲ್ಲಿ ಒಂದು ಪಾಲು ಮೋಲ್. ಪ್ರತಿ ಪರಮಾಣು ಒಂದೊಂದು ಎಲೆಕ್ಟ್ರಾನ್ ಕಳಕೊಂಡಿದೆ ಅಂತಿಟ್ಕೊಳ್ಳಿ. ಒಂದು ಮೋಲ್ ಚಾರ್ಜ್ ಅಂದ್ರೆ 96485 ಕೂಲಂಬ್ (ಚಾರ್ಜಿನ ಅಳತೆಯ ಘಟಕ). ಭಾಗಿಸಿದ್ರೆ ಸುಮಾರು 4200 ಕೂಲಂಬ್.

ಈಗ ಇಂಥ ಎರಡು ಒಂದೊಂದು ಗ್ರಾಂ ಗುಡ್ಡೆಗಳನ್ನ ಒಂದು ಮೀಟರ್ ದೂರದಲ್ಲಿ ಇಡಿ. ಚಾರ್ಜುಗಳ ನಡುವಿನ ಬಲ ಹೇಳೋ ಕೂಲಂಬ್ ನಿಯಮ ಹಾಕಿದ್ರೆ ತಳ್ಳುವ ಬಲ ಸುಮಾರು 1600 ಕೋಟಿ ಕೋಟಿ ನ್ಯೂಟನ್. ತೂಕದ ಲೆಕ್ಕದಲ್ಲಿ 16 ಲಕ್ಷ ಕೋಟಿ ಟನ್. ಎರಡು ಗ್ರಾಂ ಸಾಮಾನಿಗೆ! ಬಾಟಲಿ ಹಾಗಿರಲಿ, ಆ ಒಂದು ಗುಡ್ಡೆಯನ್ನೇ ಒಟ್ಟುಗೂಡಿಸೋಕಾಗಲ್ಲ.

ಆದ್ದರಿಂದ ಕೈಗೆ ಸಿಗೋ ಪ್ರಮಾಣದಲ್ಲಿ ಪ್ಲಸ್ ಅಯಾನು ಎಲ್ಲಿದ್ರೂ ಪಕ್ಕದಲ್ಲೇ ಅಷ್ಟೇ ಮೈನಸ್ ಇರುತ್ತೆ. ತಲೆ ಬಾಚಿದಾಗ ಬಾಚಣಿಗೆಗೆ ಬರೋ ಚಾರ್ಜು ನ್ಯಾನೊಕೂಲಂಬ್‌ಗಳ ಲೆಕ್ಕದ್ದು, ಅಷ್ಟಕ್ಕೇ ಕಾಗದದ ಚೂರು ಹಾರುತ್ತೆ. ಒಂಟಿ ಅಯಾನು ಹಿಡಿದಿಡೋದು ಸಾಧ್ಯ, ನಿರ್ವಾತದಲ್ಲಿ ವಿದ್ಯುತ್ ಕ್ಷೇತ್ರದ ಬಲೆ ಹಾಕಿ ಹಿಡೀತಾರೆ. ಅಲ್ಲಿ ಎಣಿಸಬಹುದಾದಷ್ಟು ಮಾತ್ರ ಇರ್ತವೆ.

ಗಾಜಿನ ಬಾಟಲಿ:
16 ಲಕ್ಷ ಕೋಟಿ ಟನ್. ಬಾಟಲಿ ಕ್ಯಾನ್ಸಲ್.

ನೀರಿನ ನೆರೆ:
ಉಪ್ಪನ್ನ ನೀರಿಗೆ ಹಾಕಿದಾಗ ಅಣು ಒಡೆದು ಅಯಾನು ಆಗುತ್ತೆ, ಅದಕ್ಕೇ ಕರೆಂಟ್ ಹರಿಯುತ್ತೆ. ಇಷ್ಟು ಹೇಳಿದ್ರೆ ಮಗುಗೆ ಸಾಕು ಅಲ್ವಾ? ಇಷ್ಟೆಲ್ಲ ಯಾಕೆ?

ಲ್ಯಾಬ್ ಕೋಟು:
ಸಾಲದು, ಯಾಕಂದ್ರೆ ಹಾಗೆ ನಡೆಯಲ್ಲ. ಒಣ ಹರಳಲ್ಲೂ ಅವು ಅಯಾನುಗಳೇ. ಸೋಡಿಯಂ ಕ್ಲೋರೈಡ್ ಅಣು ಅನ್ನೋದು ಹರಳಿನೊಳಗೆ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾರಿಗೆ ಯಾರು ಜೋಡಿ ಅಂತ ಹೇಳೋಕಾಗಲ್ಲ. 1913ರಲ್ಲಿ ಬ್ರ್ಯಾಗ್ ಎಕ್ಸ್ ಕಿರಣದಿಂದ ಈ ರಚನೆ ಬಿಡಿಸಿದ. ಹಳೇ ತಲೆಗಳಿಗೆ ಇದು ಎಷ್ಟು ಉರೀತು ಅಂದ್ರೆ, 1927ರಲ್ಲೂ ಹೆನ್ರಿ ಆರ್ಮ್‌ಸ್ಟ್ರಾಂಗ್ ಅನ್ನೋ ಹಿರಿಯ ರಸಾಯನಶಾಸ್ತ್ರಜ್ಞ ಇದನ್ನ ಹೀಗಳೆದು ನೇಚರ್ ಪತ್ರಿಕೆಗೆ ಬರೆದಿದ್ರು.

ನೀರು ಮಾಡೋದು ಬಿಡಿಸೋ ಕೆಲಸ ಮಾತ್ರ. ಪ್ರತಿ ಅಯಾನನ್ನ ಸುತ್ತುವರಿದು ಸಾಲಿನಿಂದ ಎಬ್ಬಿಸಿಕೊಂಡು ಹೋಗುತ್ತೆ.

ನೀರಿನ ನೆರೆ:
ಮೊದಲೇ ಅಯಾನು ಇದ್ರೆ ಒಣ ಹರಳಲ್ಲಿ ಕರೆಂಟ್ ಯಾಕೆ ಹರಿಯಲ್ಲ ಹೇಳಿ ನೋಡೋಣ.

ಲ್ಯಾಬ್ ಕೋಟು:
ಕಟ್ಟಿಹಾಕಿದಾರೆ, ಅಲ್ಲಾಡೋಕಾಗಲ್ಲ. ಚಾರ್ಜ್ ಇದ್ರೆ ಸಾಲದು, ಚಲಿಸಬೇಕು. ಒಂದು ತೊಟ್ಟು ನೀರೂ ಹಾಕದೆ 801 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಕರಗಿಸಿ, ಆಗ ಹರಿಯುತ್ತೆ. ನೀರು ಅಯಾನು ಮಾಡೋದಾಗಿದ್ರೆ ಇದು ಆಗಬಾರದಿತ್ತು.

ನಿವೃತ್ತ ಮೇಷ್ಟ್ರು:
ಇಲ್ಲಿ ಒಂದು ಎಚ್ಚರ. ಹೈಡ್ರೋಜನ್ ಕ್ಲೋರೈಡ್ ಅನಿಲ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಅಣುವಾಗಿಯೇ ಇರುತ್ತದೆ. ನೀರಿಗೆ ಬಿದ್ದಾಗಲೇ ಅಯಾನು ಹುಟ್ಟುವುದು. ಹೈಡ್ರೋಜನ್‌ನ ಪ್ರೋಟಾನ್ ನೀರಿನ ಅಣುವಿಗೆ ಹೋಗಿ ಅಂಟಿಕೊಳ್ಳುತ್ತದೆ, ಕ್ಲೋರೈಡ್ ಒಂಟಿಯಾಗುತ್ತದೆ. ಹೀಗಾಗಿ ನೀರಿನ ನೆರೆಯವರ ಮಾತು ಆಮ್ಲದ ಮಟ್ಟಿಗೆ ಸರಿ.

ಅಯಾನು ಎಂಬ ಹೆಸರು 1834ರಲ್ಲಿ ಫ್ಯಾರಡೆ ಬಳಕೆಗೆ ತಂದದ್ದು. ವಿದ್ಯುತ್ ಹಾಯಿಸಿದಾಗ ಅವು ಹುಟ್ಟುತ್ತವೆ ಎಂದು ಆಗಿನವರು ತಿಳಿದಿದ್ದರು. ವಿದ್ಯುತ್ ಇಲ್ಲದೆಯೂ ದ್ರಾವಣದಲ್ಲಿ ಅಯಾನುಗಳು ಬಿಡಿಬಿಡಿಯಾಗಿರುತ್ತವೆ ಎಂಬ ವಾದದ ಬೀಜ ಬಿತ್ತಿದ್ದು ಸ್ವೀಡನ್ನಿನ ಅರೇನಿಯಸ್, 1884ರ ತನ್ನ ಪ್ರಬಂಧದಲ್ಲಿ. ಪರೀಕ್ಷಕರು ಅದಕ್ಕೆ ಕೆಳದರ್ಜೆ ಕೊಟ್ಟರು. 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು.

ಎರಡನೇ ಬೆಂಚು:
ಕೆಳದರ್ಜೆ ಬಂದವರೆಲ್ಲ ಎದ್ದು ನಿಲ್ಲಿ, ಭರವಸೆ ಇದೆ.

ದೀಪದ ಕುಡಿ:
ಸೋಡಿಯಂ ಲವಣ ಬೆಂಕಿಗೆ ಹಿಡಿದ್ರೆ ಹಳದಿ ಬಣ್ಣ ಬರುತ್ತಲ್ಲ, ಅದು ಸೋಡಿಯಂ ಅಯಾನಿನ ಬಣ್ಣ ತಾನೇ?

ಮೋಡದ ಅಂಚು:
ಅಲ್ಲ. ಅದು ಪೂರ್ತಿ 11 ಎಲೆಕ್ಟ್ರಾನ್ ಇರೋ ತಟಸ್ಥ ಸೋಡಿಯಂನದು. ಜ್ವಾಲೆಯ ಶಾಖಕ್ಕೆ ಕೊನೇ ಎಲೆಕ್ಟ್ರಾನ್ ಒಂದು ಮೆಟ್ಟಿಲು ಮೇಲೆ ಹೋಗಿ ವಾಪಸ್ ಇಳಿಯುತ್ತೆ, ಇಳಿಯುವಾಗ 589 ನ್ಯಾನೊಮೀಟರ್ ಬೆಳಕು. ಮೆಟ್ಟಿಲು ಹತ್ತೋಕೆ 2.1 ಎಲೆಕ್ಟ್ರಾನ್‌ವೋಲ್ಟ್ ಸಾಕು, ಮನೆ ಬಿಟ್ಟೇ ಹೋಗೋಕೆ 5.14 ಬೇಕು (ಮೋಲ್‌ಗೆ 496 ಕಿಲೋಜೌಲ್ ಅನ್ನೋದೇ ಒಂದು ಪರಮಾಣುವಿನ ಲೆಕ್ಕದಲ್ಲಿ). ಎರಡು ಬೇರೆ ಬೇರೆ ಘಟನೆ. ಅಯಾನು ಆದಮೇಲೆ ಆ ಹಳದಿ ಕೊಡೋ ಎಲೆಕ್ಟ್ರಾನೇ ಇರಲ್ಲ.

ಇದೇ ಲೆಕ್ಕವನ್ನ ನಕ್ಷತ್ರಗಳಿಗೆ ಹಾಕಿದ್ದು ಮೇಘನಾದ ಸಹಾ, 1920ರಲ್ಲಿ. ತಾಪ ಇಷ್ಟಿದ್ರೆ, ಒತ್ತಡ ಇಷ್ಟಿದ್ರೆ ಎಷ್ಟು ಪಾಲು ಪರಮಾಣುಗಳು ಅಯಾನು ಆಗಿರ್ತವೆ ಅಂತ ಸಮೀಕರಣ ಬರೆದ್ರು. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್. ಅಲ್ಲಿ ಹೈಡ್ರೋಜನ್ ಬಹುಪಾಲು ತಟಸ್ಥ, ಯಾಕಂದ್ರೆ ಅದಕ್ಕೆ 13.6 ಎಲೆಕ್ಟ್ರಾನ್‌ವೋಲ್ಟ್ ಬೇಕು. ಕ್ಯಾಲ್ಸಿಯಂಗೆ 6.11 ಸಾಕು, ಹಾಗಾಗಿ ಅದು ಹೆಚ್ಚಾಗಿ ಪ್ಲಸ್ 1 ಆಗಿರುತ್ತೆ. ಸೂರ್ಯನ ವರ್ಣಪಟಲದಲ್ಲಿ ಕ್ಯಾಲ್ಸಿಯಂ ಅಯಾನಿನ ಗೆರೆಗಳು ಎದ್ದು ಕಾಣ್ತವೆ. ಹಾಗಂತ ಅಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತಲ್ಲ.

ಕೈಬಳೆ:
ಋಣ ಅಯಾನು ಬಿಡೋ ಕೈಪಟ್ಟಿ ಹಾಕಿದ್ರೆ ಸುಸ್ತು ಹೋಗುತ್ತೆ ಅಂತ ಒಬ್ರು ಮಾರೋಕೆ ಬಂದಿದ್ರು. ನಿಜಾನಾ?

ತರ್ಕಭೂತ:
ತಗೋಬೇಡಿ. ಅಂಥ ಪಟ್ಟಿಗಳಲ್ಲಿ ಕೆಲವನ್ನ ಪರೀಕ್ಷೆ ಮಾಡಿದಾಗ ಥೋರಿಯಂ ಇರೋ ಖನಿಜದ ಪುಡಿ ಸಿಕ್ಕಿದೆ. ಅದು ವಿಕಿರಣ ಸೂಸಿ ಸುತ್ತಲಿನ ಗಾಳಿಯನ್ನ ಅಯಾನೀಕರಿಸುತ್ತೆ, ಅದೇ ಅವರ "ಋಣ ಅಯಾನು". ವಿಕಿರಣವನ್ನ ಚರ್ಮಕ್ಕೆ ಕಟ್ಟಿಕೊಂಡು ಓಡಾಡೋ ಕರ್ಮ ಯಾಕೆ?

ಹೊಗೆ ಪತ್ತೆ ಮಾಡೋ ಕೆಲವು ಯಂತ್ರಗಳಲ್ಲೂ ಅಮೆರಿಸಿಯಂ-241 ಇದೇ ಕೆಲಸ ಮಾಡುತ್ತೆ, ಆದರೆ ಅಲ್ಲಿ ಒಂದು ಉದ್ದೇಶ ಇದೆ. ಅಯಾನುಗಳಿಂದ ಸಣ್ಣ ಕರೆಂಟ್ ಹರೀತಿರುತ್ತೆ, ಹೊಗೆಯ ಕಣಗಳು ಅವನ್ನ ಹೀರಿಕೊಂಡ್ರೆ ಕರೆಂಟ್ ಇಳಿದು ಗಂಟೆ ಹೊಡೆಯುತ್ತೆ.

ಬೆರಳೆಣಿಕೆ:
ನಿಯಾನ್, ಝೆನಾನ್ ಥರದ ಜಡಾನಿಲಗಳು ಯಾವತ್ತೂ ಅಯಾನು ಆಗಲ್ಲ ಅಲ್ವಾ? ಅವಕ್ಕೆ ಎಂಟು ತುಂಬಿದೆ.

ಲ್ಯಾಬ್ ಕೋಟು:
ಆಗ್ತವೆ. ಅವು ಯಾರ ಜತೆಗೂ ಸೇರಿ ಸಂಯುಕ್ತ ಆಗಲ್ಲ ಅಂತ 1962ರವರೆಗೆ ಹೆಚ್ಚಿನವರು ಅಂದ್ಕೊಂಡಿದ್ರು. ನೀಲ್ ಬಾರ್ಟ್ಲೆಟ್ ಅನ್ನೋರು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕೀಳುತ್ತೆ ಅಂತ ಕಂಡ್ರು. ಕೋಷ್ಟಕ ತೆಗೆದು ನೋಡಿದ್ರೆ ಆಮ್ಲಜನಕ ಅಣುವಿನ ಅಯಾನೀಕರಣ ಶಕ್ತಿಯೂ ಝೆನಾನ್‌ನದೂ ಹೆಚ್ಚೂಕಡಿಮೆ ಒಂದೇ. ಝೆನಾನ್ ಹಾಕಿದ್ರು, ಹಳದಿ ಬಣ್ಣದ ಘನ ಬಂತು. ಅದೇ ವರ್ಷ ಬೇರೆಯವರು ಝೆನಾನ್ ಫ್ಲೋರೈಡೂ ಮಾಡಿದ್ರು. ಬಾರ್ಟ್ಲೆಟ್ ನೋಡಿದ್ದು ಕಿಲೋಜೌಲ್ ಲೆಕ್ಕ, ಎಂಟರ ಲೆಕ್ಕ ಅಲ್ಲ.

ಹೀಲಿಯಂ ಕೂಡ ಬಿಟ್ಟಿಲ್ಲ. ಅದಕ್ಕೆ ಒಂದು ಪ್ರೋಟಾನ್ ಅಂಟಿಸಿದ್ರೆ ಹೀಲಿಯಂ ಹೈಡ್ರೈಡ್ ಅಯಾನು. ಪ್ರಯೋಗಾಲಯದಲ್ಲಿ 1925ರಲ್ಲೇ ಸಿಕ್ಕಿತ್ತು. ಬಾಹ್ಯಾಕಾಶದಲ್ಲಿ, ಎನ್‌ಜಿಸಿ 7027 ಅನ್ನೋ ನೀಹಾರಿಕೆಯಲ್ಲಿ, ಪತ್ತೆಯಾದ ಸುದ್ದಿ ಬಂದಿದ್ದು 2019ರಲ್ಲಿ.

ಗಾಜಿನ ಬಾಟಲಿ:
ಒಂದು ನಿಮಿಷ, "ಪ್ರೋಟಾನ್ ಅಂಟಿಸಿದ್ರೆ" ಅಂದ್ರಿ. ಮೇಷ್ಟ್ರು ಪ್ರೋಟಾನ್ ಬದಲಾದ್ರೆ ಧಾತುವೇ ಬೇರೆ ಅಂದಿದ್ರಲ್ಲ?

ನಿವೃತ್ತ ಮೇಷ್ಟ್ರು:
ಬೀಜಕೇಂದ್ರದ ಒಳಗೆ ಹೋದರೆ ಧಾತು ಬೇರೆ. ಇಲ್ಲಿ ಪ್ರೋಟಾನ್ ಹೊರಗೆ, ಎಲೆಕ್ಟ್ರಾನುಗಳ ಮೋಡಕ್ಕೆ ಬಂದು ಅಂಟಿದೆ. ಎರಡು ಬೀಜಕೇಂದ್ರಗಳು ಬೇರೆಬೇರೆಯಾಗಿಯೇ ಇವೆ. ಮೊದಲು ಹೇಳಿದ ನೀರಿನ ಅಣುವಿಗೆ ಅಂಟುವ ಪ್ರೋಟಾನೂ ಹೀಗೆಯೇ. ಅಂದರೆ ಅಣುಗಳ ಮಟ್ಟದಲ್ಲಿ ಎಲೆಕ್ಟ್ರಾನ್ ಕಳೆದುಕೊಳ್ಳದೆಯೂ ಧನ ಅಯಾನು ಆಗಬಹುದು.

ಅರೆಬರೆ ಓದುಗ:
ಮಗಳಿಗೆ ಓದಿ ಹೇಳಿದೆ. ಈಗ ಅವಳ ಹೊಸ ವರಸೆ: "ಸೋಡಿಯಂಗೆ ಕೊಡೋ ಆಸೆಯೇ ಇಲ್ಲ ಅಂದ್ರೆ, ಒಂದು ಎಲೆಕ್ಟ್ರಾನ್ ತಗೊಂಡು ಮೈನಸ್ ಆಗಬಹುದಾ?"

ತರ್ಕಭೂತ:
ಆಗಬಹುದು. ಒಂಟಿ ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನ್ ತಗೊಂಡ್ರೆ 53 ಕಿಲೋಜೌಲ್ ಬಿಡುಗಡೆ ಆಗುತ್ತೆ. ಕೊಡೋಕೆ 496 ಖರ್ಚು, ತಗೊಂಡ್ರೆ 53 ಲಾಭ. ಮೈನಸ್ ಸೋಡಿಯಂ ಇರೋ ಹರಳನ್ನ 1974ರಲ್ಲಿ ಜೇಮ್ಸ್ ಡೈ ತಂಡದವರು ಮಾಡಿ ತೋರಿಸಿದ್ರು. ಪಂಜರದ ಥರದ ಒಂದು ದೊಡ್ಡ ಅಣು ಪ್ಲಸ್ ಸೋಡಿಯಂನ ಒಳಗೆ ಕೂಡಿಹಾಕುತ್ತೆ, ಅದು ಬಿಟ್ಟ ಎಲೆಕ್ಟ್ರಾನ್ ಪಕ್ಕದ ಇನ್ನೊಂದು ಸೋಡಿಯಂಗೆ ಹೋಗುತ್ತೆ. ಒಂದೇ ಹರಳಲ್ಲಿ ಪ್ಲಸ್ ಸೋಡಿಯಂ, ಮೈನಸ್ ಸೋಡಿಯಂ ಎರಡೂ. ಬಣ್ಣ ಚಿನ್ನದ ಹಾಗೆ.

ನಿವೃತ್ತ ಮೇಷ್ಟ್ರು:
ಪರೀಕ್ಷೆಯಲ್ಲಿ ಬರೆಯಬೇಡ ಎನ್ನಿ, ಪ್ಲಸ್ 1 ಎಂದೇ ಬರೆಯಲಿ.

ಗಾಜಿನ ಬಾಟಲಿ:
ಅದನ್ನಾದ್ರೂ ಬಾಟಲಿಯಲ್ಲಿ ಇಡಬಹುದಾ?

ತರ್ಕಭೂತ:
ಗಾಳಿ ತೇವ ಸೋಕದ ಹಾಗೆ ಮುಚ್ಚಿ, ತಣ್ಣಗಿಟ್ರೆ ಇಡಬಹುದು. ಮುಚ್ಚಳ ತೆಗೆದ್ರೆ ಹಾಳು.